ಗಾಜಿನ ಪೆಟ್ಟಿಗೆಯಲ್ಲಿ ಸಹಬಾಳ್ವೆ ಇಲ್ಲ



ಈ ಸಲ ಹಲ್ಲಿಯ ಕುರಿತು ಬರೆಯುತ್ತಿದ್ದೇನೆಂದರೆ ನಿಮ್ಮಲ್ಲಿ ಹಲವರಿಗೆ ನಗು ಬರಬಹುದು. ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟುವ, ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವ ಮನೆಗಳಲ್ಲಿ ಬೆಳೆದವರು ನಾವು. ಹಣ ಕೊಟ್ಟು ಹಲ್ಲಿ ತಂದು ಸಾಕುವ ಕಾಲ ಬಂದೀತೆಂದು ನಾನು ಎಣಿಸಿರಲಿಲ್ಲ. ಬಂದಿದೆ. ಸಾಕುವುದು ಸರಿಯೇ ತಪ್ಪೇ ಎಂಬ ಚರ್ಚೆ ಇಂದು ಬೇಡ. ನನ್ನ ತಕರಾರು ಬೇರೆ ಬೇರೆ ಪ್ರಭೇದದ ಹಲ್ಲಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಹಾಕುವುದರ ಬಗ್ಗೆ.

ಕಳೆದ ಬೇಸಿಗೆಯಲ್ಲಿ ಟಿಳಕವಾಡಿಯಲ್ಲಿರುವ ಸೋದರಳಿಯನ ಮನೆಗೆ ಹೋಗಿದ್ದೆ. ಅವನ ಮಗ ಕೈ ಹಿಡಿದು ಎಳೆದೊಯ್ದು ಗಾಜಿನ ಪೆಟ್ಟಿಗೆ ತೋರಿಸಿದ. ಒಳಗೆ ಒಂದು ಲೆಪರ್ಡ್ ಗೆಕ್ಕೊ, ಒಂದು ಕ್ರೆಸ್ಟೆಡ್ ಗೆಕ್ಕೊ.

“ಅಜ್ಜಾ, ಇವೆರಡೂ ದೋಸ್ತ ಆಗ್ಯಾವ ನೋಡ್ರಿ. ಒಂದರ ಮ್ಯಾಲ ಒಂದು ಮಲಗತಾವ” ಎಂದ.

ನಾನು ಹುಬ್ಬು ಗಂಟಿಕ್ಕಿದ್ದನ್ನು ಕಂಡು ಅಳಿಯ ನಕ್ಕ. “ಮಾಮಾ, ನಮ್ಮ ಬೆಳಗಾವ್ಯಾಗ ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಂದಿ ಎಲ್ಲಾರೂ ಕೂಡಿ ಬಾಳ್ವೆ ಮಾಡೂದಿಲ್ಲೇನ್ರಿ? ಹಲ್ಲಿ ಯಾಕ ಮಾಡಬಾರದು?”

ಮಾತು ಚಮತ್ಕಾರವಾಗಿತ್ತು. ಅಂದು ಉತ್ತರ ಹೊಳೆಯಲಿಲ್ಲ. ಇಂದು ಕೊಡುತ್ತೇನೆ.

ಮೊದಲು ಆ ಎರಡು ಜೀವಿಗಳ ತವರನ್ನು ನೋಡಿ. ಲೆಪರ್ಡ್ ಗೆಕ್ಕೊ ಅಫ್ಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಒಣ ಕಲ್ಲುನೆಲದ ಪ್ರಾಣಿ. ಅದರ ಬೆರಳುಗಳಲ್ಲಿ ಗೋಡೆಗೆ ಅಂಟುವ ಪಟ್ಟಿಗಳಿಲ್ಲ. ನೆಲದ ಮೇಲೆಯೇ ಅದರ ಬದುಕು. ಪೆಟ್ಟಿಗೆಯ ಒಂದು ಬದಿಯಾದರೂ 30ರಿಂದ 32 ಡಿಗ್ರಿ ಬೆಚ್ಚಗಿರಬೇಕು. ಆಹಾರ ಹುಳು, ಮಿಡತೆ. ಕ್ರೆಸ್ಟೆಡ್ ಗೆಕ್ಕೊ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ತೇವದ ಕಾಡಿನದು. ಅಳಿದೇ ಹೋಯಿತೆಂದು ನಂಬಿದ್ದ ಈ ಪ್ರಭೇದ 1994ರಲ್ಲಿ ಮತ್ತೆ ಸಿಕ್ಕಿತು. ಅದು ಕೊಂಬೆಯ ಮೇಲಿನ ಜೀವ, ಹಣ್ಣಿನ ರಸ ನೆಕ್ಕುವುದು. 22ರಿಂದ 26 ಡಿಗ್ರಿಯ ತಂಪು ಅದಕ್ಕೆ ಹಿತ. ಒಂದಕ್ಕೆ ಬೇಕಾದ ಬಿಸಿ ಇನ್ನೊಂದಕ್ಕೆ ಸಂಕಟ. ಒಂದಕ್ಕೆ ಬೇಕಾದ ತೇವ ಇನ್ನೊಂದಕ್ಕೆ ರೋಗ. ನಡುವಿನ ಹದ ಇಟ್ಟರೆ ಎರಡಕ್ಕೂ ಅನ್ಯಾಯ.

ಒಂದರ ಮೇಲೊಂದು ಮಲಗುವುದು ಗೆಳೆತನವೆಂದು ಹುಡುಗನಿಗೆ ತೋರಿದ್ದು ಸಹಜ. ಬೆಚ್ಚಗಿನ ಜಾಗವೂ ಅಡಗುತಾಣವೂ ಒಂದೇ ಇದ್ದಾಗ ಎರಡೂ ಅಲ್ಲಿಗೇ ನುಗ್ಗುತ್ತವೆ. ಕಿಕ್ಕಿರಿದ ಖಾನಾಪುರದ ಬಸ್ಸಿನಲ್ಲಿ ನಿಮ್ಮ ಭುಜಕ್ಕೆ ತಲೆಯಿಟ್ಟು ನಿದ್ರಿಸುವ ಅಪರಿಚಿತ ನಿಮ್ಮ ಗೆಳೆಯನೇ?

“ತಿಂಗಳುಗಟ್ಟಲೆ ಏನೂ ಆಗಿಲ್ಲ” ಎಂಬುದು ಮತ್ತೊಂದು ವಾದ. ಹಲ್ಲಿ ನೋವನ್ನು ಕೂಗಿ ಹೇಳುವುದಿಲ್ಲ. ಮೇವು ಬಿಡುತ್ತದೆ, ಬಾಲ ಸೊರಗುತ್ತದೆ. ಹೆದರಿದ ಕ್ರೆಸ್ಟೆಡ್ ಗೆಕ್ಕೊ ಬಾಲ ಕಳಚಿಕೊಂಡರೆ ಅದು ಮತ್ತೆ ಬೆಳೆಯುವುದೇ ಇಲ್ಲ. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಸೂಕ್ಷ್ಮ ಪರೋಪಜೀವಿಯನ್ನು ಒಂದು ಹಲ್ಲಿ ಲಕ್ಷಣ ತೋರದೆ ಹೊತ್ತಿರಬಹುದು. ಮಲದ ಮೂಲಕ ಅದು ಜೊತೆಗಾರನಿಗೆ ಹರಡಿ ಸವೆಸಿ ಕೊಲ್ಲಬಹುದು. ಖಚಿತವಾಗಿ ಗುಣಪಡಿಸುವ ಔಷಧವಿಲ್ಲ.

“ಕಾಡಿನಲ್ಲಿ ಎಲ್ಲವೂ ಒಟ್ಟಿಗೇ ಇವೆಯಲ್ಲ?” ಎನ್ನುವವರೂ ಉಂಟು. ಅವರು ನಮ್ಮ ಖಾನಾಪುರದ ಕಡೆ ಬಂದು ಕಣ್ಣುಬಿಟ್ಟು ನೋಡಲಿ. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದ ಸುತ್ತಲಿನ ಈ ಘಟ್ಟಸೀಮೆಯಲ್ಲಿ ಮನೆಹಲ್ಲಿ ದೀಪದ ಗೋಡೆ ಹಿಡಿದಿರುತ್ತದೆ. ನೆಲಹಲ್ಲಿ ರಾತ್ರಿ ತರಗೆಲೆಯ ನಡುವೆ ಓಡಾಡುತ್ತದೆ. ದುಂಡು ಕಣ್ಣುಪಾಪೆಯ ಪುಟ್ಟ ನೆಮಾಸ್ಪಿಸ್ ಹಗಲಿನಲ್ಲೇ ಬಂಡೆಯ ನೆರಳಿನಲ್ಲಿರುತ್ತದೆ. 1935ರಲ್ಲಿ ಮಾಲ್ಕಂ ಸ್ಮಿತ್ ಜೋಗದ ಬಳಿಯ ಮಾದರಿಯಿಂದ ವಿವರಿಸಿದ ಹೆಮಿಡ್ಯಾಕ್ಟಿಲಸ್ ಪ್ರಶಾದಿ ಎಂಬ ದೊಡ್ಡ ಹಲ್ಲಿಗೆ ಮರ, ಗೋಡೆಗಳೇ ನೆಲೆ. ಕಾಡು ಒಂದೇ, ಕೋಣೆಗಳು ಬೇರೆ ಬೇರೆ. ಹೊತ್ತೂ ಬೇರೆ ಬೇರೆ. ಆದರೂ ದೊಡ್ಡದು ಚಿಕ್ಕದನ್ನು ತಿನ್ನುವುದುಂಟು. ಆದರೆ ಅಲ್ಲಿ ಚಿಕ್ಕದಕ್ಕೆ ಓಡಲು ಬಿರುಕು ಇರುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ತಪ್ಪಿನಿಂದ. 1986ರಲ್ಲಿ ಖಾನಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ವಸ್ತುವನ್ನು ಪ್ರತ್ಯಕ್ಷ ತೋರಿಸಿ ಪಾಠ ಮಾಡಬೇಕೆಂಬ ಬಿ.ಎಡ್. ತರಬೇತಿಯ ಉತ್ಸಾಹ ಇನ್ನೂ ಆರಿರಲಿಲ್ಲ. ಒಂದು ಸಣ್ಣ ಮನೆಹಲ್ಲಿಯನ್ನೂ ಹಳೆಯ ಕಟ್ಟಡದ ಗೋಡೆಯಿಂದ ಹಿಡಿದ ದೊಡ್ಡ ಹಲ್ಲಿಯನ್ನೂ ಒಂದೇ ಗಾಜಿನ ಜಾಡಿಯಲ್ಲಿಟ್ಟೆ, ಹೋಲಿಸಿ ತೋರಿಸಲೆಂದು. ಮರುದಿನ ಬೆಳಿಗ್ಗೆ ಚಿಕ್ಕದರ ಬಾಲದ ತುಂಡು ಮಾತ್ರ ಉಳಿದಿತ್ತು. ನಾನು ಗಂಭೀರವಾಗಿ ಕರಿಹಲಗೆಯ ಮೇಲೆ ‘ಅಸ್ತಿತ್ವಕ್ಕಾಗಿ ಹೋರಾಟ’ ಎಂದು ಬರೆದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಅದಕ್ಕ ಓಡಿ ಹೋಗಾಕ ಜಾಗಾನ ಇರಲಿಲ್ಲಲ್ರಿ” ಎಂದಳು.

ಕುಳಿತುಕೋ ಎಂದೆ. ಸರಿ ಹೇಳಿದ್ದವಳು ಅವಳು. ಜಾಡಿಯಲ್ಲಿ ನಡೆದದ್ದು ನಿಸರ್ಗದ ನಿಯಮವಲ್ಲ. ಮುಚ್ಚಳ ಹಾಕಿದ ನನ್ನ ಕೈಯ ಕೆಲಸ. ಆ ತಾಯಿ ಇಂದು ಎಲ್ಲಿದ್ದರೂ ಈ ಬರಹ ಅವಳಿಗೆ ನನ್ನ ತಪ್ಪೊಪ್ಪಿಗೆ.

ಅಳಿಯಾ, ನಿನ್ನ ಪ್ರಶ್ನೆಗೂ ಉತ್ತರ ಅದೇ. ಬೆಳಗಾವಿಯಲ್ಲಿ ನಾವೆಲ್ಲ ಕೂಡಿ ಬಾಳುತ್ತೇವೆ ನಿಜ. ಸಂತೆಯಲ್ಲಿ ಸೇರುತ್ತೇವೆ, ಜಗಳವಾಡುತ್ತೇವೆ, ಸಂಜೆ ನಮ್ಮ ನಮ್ಮ ಮನೆಗೆ ಹೋಗಿ ಕದ ಹಾಕಿಕೊಳ್ಳುತ್ತೇವೆ. ಸಹಬಾಳ್ವೆ ಎಂಬ ದೊಡ್ಡ ಮಾತು ನಿಲ್ಲುವುದೇ ಆ ಕದದ ಮೇಲೆ. ಹೊರಹೋಗಲಾರದವರು ಒಟ್ಟಿಗಿದ್ದರೆ ಅದಕ್ಕೆ ಸೆರೆ ಎನ್ನಬೇಕು. ಗಾಜಿನೊಳಗಿನ ಎರಡು ಮೂಕಜೀವಿಗಳ ಮೇಲೆ ನಮ್ಮ ಆದರ್ಶವನ್ನು ಹೇರುವುದು ನ್ಯಾಯವಲ್ಲ.

ಒಂದು ಪೆಟ್ಟಿಗೆಗೆ ಒಂದೇ ಹಲ್ಲಿ ಇರಲಿ. ಒಂದರ ಬಟ್ಟಲು, ಇಕ್ಕಳ ಇನ್ನೊಂದಕ್ಕೆ ಬೇಡ. ಒಂದನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯಿರಿ. ಎರಡನೆಯ ಪೆಟ್ಟಿಗೆಗೆ ಹಣವೋ ಜಾಗವೋ ಇಲ್ಲದಿದ್ದರೆ ಎರಡನೆಯ ಹಲ್ಲಿಯೂ ಬೇಡ. ‘ಜೋಡಿಯಾಗಿದ್ದರೆ ಚೆಂದ’ ಎಂದು ಮಾರುವವನಿಗೆ ಎರಡು ಹಲ್ಲಿಯ ಲಾಭ, ನಷ್ಟ ಹಲ್ಲಿಗಳದು.

ನಾನು ಬರುವಾಗ ಹುಡುಗ ಮುಖ ಊದಿಸಿಕೊಂಡಿದ್ದ. ಅಳಿಯ ಇನ್ನೂ ಎರಡನೆಯ ಪೆಟ್ಟಿಗೆ ತಂದಿಲ್ಲವೆಂದು ತಂಗಿ ಫೋನಿನಲ್ಲಿ ಹೇಳಿದಳು. ನಾನು ಬರೆದದ್ದನ್ನು ಅವನು ಓದುತ್ತಾನೆಂದು ಬಲ್ಲೆ. ಮುಂದಿನ ಸಲ ಟಿಳಕವಾಡಿಗೆ ಬಂದಾಗ ಮೊದಲು ನೋಡುವುದು ಅದನ್ನೇ.