ತಿಕ್ಕಿದರೆ ಹೋಗದ ಕಪ್ಪು

ಮಗುವಿನ ಕುತ್ತಿಗೆಯ ಹಿಂದೆ ಕಪ್ಪಾಗಿದೆಯೆಂದು ಭಾನುವಾರದ ಎಣ್ಣೆಸ್ನಾನದಲ್ಲಿ ಕಡಲೆಹಿಟ್ಟು ಹಚ್ಚಿ ತಿಕ್ಕುವ ಅಮ್ಮಂದಿರೇ, ಬಾಗಿಲಲ್ಲಿ ನಿಂತು ‘ಬಿಸಿಲಲ್ಲಿ ಆಡಿದ್ದಕ್ಕೆ ಬಿಡು’ ಎನ್ನುವ ಅಪ್ಪಂದಿರೇ, ಅದು ಕೊಳೆಯಲ್ಲ. ತೂಕ ಹೆಚ್ಚಿದ ಮಗುವಿನ ಕತ್ತಿನ ಚರ್ಮ ದಪ್ಪವಾಗಿ, ಮಡಿಕೆ ಮಡಿಕೆಯಾಗಿ ಕಪ್ಪಾದರೆ, ಒಳಗೆ ಇನ್ಸುಲಿನ್ನಿನ ಮಾತನ್ನು ದೇಹ ಕೇಳುತ್ತಿಲ್ಲವೆಂದೇ ಬಹಳ ಸಲ ಅರ್ಥ. ಮಗುವಿಗೆ ಅದನ್ನು ಹೇಳಲು ಬರುವುದಿಲ್ಲ.

ಇದೇ ಬೊಜ್ಜಿನ ಜೊತೆ ಸದ್ದಿಲ್ಲದೆ ಏರುವ ಇನ್ನೊಂದಿದೆ, ಯೂರಿಕ್ ಆಸಿಡ್. ಅದೆಂದರೆ ನಿಮಗೆ ನೆನಪಾಗುವುದು ಮನೆಯ ಹಿರಿಯರ ಕಾಲಿನ ಊದಿದ ಹೆಬ್ಬೆರಳು. ರಿಪೋರ್ಟಿನಲ್ಲಿ ಅದು ಏಳು ದಾಟಿತೆಂದರೆ ಮೊದಲು ನಿಲ್ಲುವುದು ತೊಗರಿಬೇಳೆ ಸಾರು. ಬೇಳೆಯ ಮೇಲೆ ಇಷ್ಟು ದೊಡ್ಡ ಆರೋಪ ಹೊರಿಸಬೇಕಾಗಿಲ್ಲ, ಪಾಪ. ಸಂಜೆಯ ಕ್ರೀಂ ಬಿಸ್ಕತ್ತು, ಫ್ರಿಜ್ಜಿನ ಬಾಗಿಲಲ್ಲಿರುವ ಜ್ಯೂಸ್ ಬಾಟಲಿ ಮಾತ್ರ ಹಾಗೇ ಉಳಿಯುತ್ತವೆ. ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್. ಅದು ಗಟಗಟನೆ ಕುಡಿದ ಪಾನೀಯದೊಂದಿಗೆ ಒಮ್ಮೆಲೇ ಯಕೃತ್ತಿಗೆ ನುಗ್ಗಿದಾಗ, ಜೀವಕೋಶಗಳು ಅದನ್ನು ನಿಭಾಯಿಸುವ ಭರದಲ್ಲಿ ತಮ್ಮ ಶಕ್ತಿಯ ದಾಸ್ತಾನಾದ ಎಟಿಪಿಯನ್ನು ಸುರಿದು ಖಾಲಿ ಮಾಡುತ್ತವೆ, ಅದರ ಚೂರುಗಳು ಒಡೆದು ಒಡೆದು ಕೊನೆಗೆ ಯೂರಿಕ್ ಆಸಿಡ್ ಆಗುತ್ತವೆ, ಹೆಚ್ಚಾದ ಫ್ರಕ್ಟೋಸ್ ಕೊಬ್ಬಾಗಿ ಅಲ್ಲೇ ಬೇರೂರುತ್ತದೆ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದು ರಕ್ತದಲ್ಲಿ ಇನ್ಸುಲಿನ್ ಏರಿತೆಂದರೆ, ಮೂತ್ರಪಿಂಡ ಆ ಯೂರಿಕ್ ಆಸಿಡನ್ನು ಹೊರಗೆ ಬಿಡದೆ ತಡೆದಿಡುತ್ತದೆ. ಬಹುಪಾಲು ಸಸ್ತನಿಗಳಲ್ಲಿ ಅದನ್ನು ಒಡೆಯಲು ಯೂರಿಕೇಸ್ ಎಂಬ ಕಿಣ್ವವಿದೆ. ನಮ್ಮ ಪೂರ್ವಜರು ಅದನ್ನು ಕೋಟ್ಯಂತರ ವರ್ಷಗಳ ಹಿಂದೆಯೇ ಕಳೆದುಕೊಂಡರು.

ಯೂರಿಕ್ ಆಸಿಡ್ ತಾನೇ ಸಕ್ಕರೆ ಕಾಯಿಲೆಗೆ, ಬಿಪಿಗೆ ಕಾರಣವೋ ಅಥವಾ ಜೊತೆಗೆ ಬರುವ ಸಾಕ್ಷಿಯೋ ಎಂಬ ವಾದ ವಿಜ್ಞಾನಿಗಳ ನಡುವೆ ಮುಗಿದಿಲ್ಲ. ಬೊಜ್ಜು ಅದನ್ನು ಏರಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ವಾದ ಮುಗಿಯಲಿ ಎಂದು ಮಗುವಿನ ಯಕೃತ್ತು ಕಾಯುವುದಿಲ್ಲ. ಅಲ್ಲಿ ಕೊಬ್ಬು ತುಂಬುವಾಗ ನೋವಿಲ್ಲ, ಜ್ವರವಿಲ್ಲ, ಅಳುವಿಲ್ಲ. ಮಗುವಿಗೆ ಅದನ್ನು ಹೇಳಲು ಬರುವುದಿಲ್ಲ.

ಸಕ್ಕರೆ ಒಳ್ಳೆಯದಲ್ಲವೆಂದು ನಿಮಗೆ ಗೊತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ತೂಕ ಹೆಚ್ಚಿದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ. 2.1 ಇದ್ದದ್ದು 2019-21ರಲ್ಲಿ ಶೇ. 3.4ಕ್ಕೆ ಏರಿತು, ಸಣ್ಣ ಅಂಕಿಯೇ, ಆದರೆ ಅಪೌಷ್ಟಿಕತೆ ಇನ್ನೂ ತೊಲಗದ ನಾಡಿನಲ್ಲಿ. ದೊಡ್ಡವರಿಗೇ ದಿನಕ್ಕೆ 25 ಗ್ರಾಂ, ಅಂದರೆ ಆರು ಚಮಚೆಯೊಳಗೆ ಸಕ್ಕರೆ ನಿಂತರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 300 ಮಿಲಿಲೀಟರ್ ಕೋಲಾದಲ್ಲೇ ಸುಮಾರು 30 ಗ್ರಾಂ ಇರುತ್ತದೆ. ನಿಮಗೆ ಗೊತ್ತಿದೆ, ಆದರೂ ಹುಟ್ಟುಹಬ್ಬದ ಮನೆಯಲ್ಲಿ ಬೇಡವೆನ್ನಲು ದಾಕ್ಷಿಣ್ಯ. ಪರೀಕ್ಷೆಯ ದಿನ ‘ಪಾಪ, ಕುಡೀಲಿ ಬಿಡಿ’ ಎನ್ನುವ ಮುದ್ದು. ನಿಮ್ಮ ಪ್ರೀತಿಯಲ್ಲಿ ಕೊರತೆಯಿಲ್ಲ, ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ.

ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಾದ ಮೇಲೆ ಮನೆ ಸೇರುವ ತಾಯಿಗೆ ಹತ್ತು ರೂಪಾಯಿಯ ಪೊಟ್ಟಣವೇ ಮಗುವಿನ ಮುಖದಲ್ಲಿ ನಗು ತರಿಸುವ ಅತಿ ಅಗ್ಗದ ದಾರಿ. ಅವಳನ್ನು ದೂರಬೇಡಿ. ಅವಳಿಗಿಲ್ಲದ ಬಿಡುವು, ಆಯ್ಕೆ, ದನಿ ನಿಮಗಿವೆ.

ಮಗುವನ್ನು ‘ಗುಂಡ’ ಎಂದು ಕರೆದು ನಗಬೇಡಿ, ತಟ್ಟೆ ಕಸಿದುಕೊಂಡು ಗದರಬೇಡಿ. ಬಾಟಲಿ ತರುವುದನ್ನು ನೀವು ಬಿಡಿ, ನೀರು, ಮಜ್ಜಿಗೆ ಕೊಡಿ. ಹಣ್ಣನ್ನು ಹಿಂಡದೆ ಕತ್ತರಿಸಿ ಕೊಡಿ, ಸಂಜೆ ಜೊತೆಗೆ ಓಡಿ. ಕತ್ತು ಕಪ್ಪಾಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ತುಂಬಿದ ತಿನಿಸುಗಳನ್ನು ಮಕ್ಕಳಿಗೆ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಎದ್ದು ನಿಂತು, ಆ ನಿಯಮ ನಮ್ಮ ಶಾಲೆಯ ಗೇಟಿಗೆ ಯಾವಾಗ ಬರುತ್ತದೆಂದು ಕೇಳಿ. ಮಕ್ಕಳು ಕೇಳಲಾರರು, ನೀವು ಕೇಳಿ.