ಟಾಕಿ ಬಾಜೂಕಿನ ಕಂಬ

ವೈನಿ, ಕಾಕು, ಎಲ್ಲಾರೂ ಒಂದ ಮಾತು ಕೇಳ್ಲಿಕತ್ತೀರಿ, "ನಿಮ್ಮ ಮಾಳಗಿ ಮ್ಯಾಲಿನ ಕಂಬದ ಜಗಳಾ ಮುಗೀತೇನು?" ಅಂತ. ಮುಗದದ. ಆದ್ರ ಅದು ಹತ್ತಿದ್ದು ಯಾಕ ಅನ್ನೂದು ನೀವೂ ತಿಳ್ಕೋಬೇಕು, ನಿಮ್ಮಲ್ಲೂ ಟೆರೇಸ್ ಬಾಡಿಗಿ ಕೇಳ್ಕೊಂಡು ಬರೋ ಮಂದಿ ಇದ್ದಾರ.

ನಮ್ಮ ನೀರಿನ ಟಾಕಿ ಬಾಜೂಕ ಕಬ್ಬಿಣದ ಕಂಬ ಅದ. ಅದರಾಗ ಮದಲನೇ ನೆಟ್ಟಿನಾಂವ ಮೂರು ಡಬ್ಬಿ ಕಟ್ಟಿದ್ದ. ದೀಪಾವಳಿ ಮುಂದ ಇನ್ನೊಬ್ಬಾಂವ ಬಂದು ಎರಡು ಕಟ್ಟಿದ. ಬಾಡಿಗಿ ಡಬಲ್ ಆತು ಅಂತ ನಮ್ಮ ಮನಿಯವ್ರಿಗೆ ಖುಷಿ. ಐದು ಕಿಲೋಮೀಟರ್ ದೂರ ಹೊಲದ ಮನ್ಯಾಗ ಇರೋ ನಮ್ಮ ತಂಗಿಗೆ ನೆಟ್ ಬರೂದು ಇದ ಕಂಬದಿಂದ. ಅಕಿ ಮಗಳ ನೌಕರಿ ಇಂಟರ್‌ವ್ಯೂ ನಡುವ ಎರಡು ಸಲ ಕಟ್ ಆತು. ಹುಡುಗಿ ಫೋನ್ ಮಾಡಿ ಅತ್ಲು. ಆ ಕಂಪನಿಯವ್ರು ಮತ್ತ ಕರೀಲೇ ಇಲ್ಲ.

ಒಬ್ಬಾಂವನ್ನ ಕೇಳಿದ್ರ "ಅವಂದು ತಪ್ಪು", ಇನ್ನೊಬ್ಬಾಂವನ್ನ ಕೇಳಿದ್ರ "ಗಾಳಿಗೆ ನಿಮ್ಮ ತಂಗೀ ಮನಿ ಡಿಶ್ ತಿರುಗೇದ". ಆಮ್ಯಾಲೆ ಇಬ್ಬರೂ ಪಾವರ್ ಏರ್ಸಿದ್ರು. ಇದ್ದದ್ದೂ ಹೋತು.

ಕಂಬ ಏರೋ ಹುಡುಗಗ ಅವಲಕ್ಕಿ ಕೊಟ್ಟು ಕುಂಡ್ರಿಸಿ ಕೇಳಿದೆ. ಅಂವ ಹೇಳಿದ್ದು ಹಿಂಗ. ಡಬ್ಬಿ ಸ್ವಲ್ಪ ಹೊತ್ತು ಮಾತಾಡ್ತದ, ಸ್ವಲ್ಪ ಹೊತ್ತು ಕೇಳ್ತದ. ಹೊಲದಿಂದ ಬರೋ ದನಿ ಐದು ಕಿಲೋಮೀಟರ್ ದಾಟಿ ಬರೂದ್ರಾಗ ಭಾಳ ಸಣ್ಣ ಆಗಿರ್ತದ. ಅದನ್ನ ಕೇಳೋ ಹೊತ್ತಿನಾಗ ಒಂದು ಮೊಳ ದೂರದ ಡಬ್ಬಿ ಅದ ಚಾನೆಲ್‌ನ್ಯಾಗ ಒದರಿದ್ರ ಏನ್ ಕೇಳಬೇಕು? ಅರಿಷಿಣ-ಕುಂಕುಮಕ್ಕ ಎಲ್ಲಾರೂ ಕೂಡಿದಾಗ ಮೂಲ್ಯಾಗ ಕೂತ ಅಜ್ಜಿ ಏನ್ ಅಂದ್ಲು ಅಂತ ತಿಳೀತದೇನು? ಪಾವರ್ ಏರ್ಸಿದ್ರ ಒದರೋರ ದನಿ ಏರ್ತದ, ಅಜ್ಜೀದು ಏರೂದಿಲ್ಲ.

ಎಲ್ಲಾ ಡಬ್ಬಿಗೂ ಜಿಪಿಎಸ್ ಗಡಿಯಾರ ಕೂಡ್ಸಿ, ಎಲ್ಲಾವೂ ಒಮ್ಮೆಗೇ ಮಾತಾಡೂದು, ಒಮ್ಮೆಗೇ ಕೇಳೂದು ಅಂತ ಮಾಡಬಹುದಂತ. ಹಂಗ ಮಾಡಿದ್ರ ಕಂಬದ ಮುಂದಿಂದು ಹಿಂದಿಂದು ಎರಡೂ ಒಂದ ಚಾನೆಲ್ ಇಟ್ಕೋಬಹುದು. ಆದ್ರ ಇಲ್ಲಿ ಒಬ್ಬಂದು ಒಂದು ಕಂಪನಿ ಡಬ್ಬಿ, ಇನ್ನೊಬ್ಬಂದು ಬ್ಯಾರೆ. ಅವುಗಳ ತಾಳ ಕೂಡೂದಿಲ್ಲ. ಉಳದದ್ದು ಚಾನೆಲ್ ಹಂಚ್ಕೊಳ್ಳೂದು ಒಂದ.

ಹಂಚಲಿಕ್ಕೆ ಜಾಗಾ ಇಲ್ಲೇನು? ಅದ. 5725ರಿಂದ 5875 ಮೆಗಾಹರ್ಟ್ಸ್ ತನಕ 150 ಆತು. ಇಬ್ಬರೂ ಸ್ಪೀಡ್ ಆಸೆಕ್ಕ 80ರ ಅಗಲ ಇಟ್ಕೊಂಡಿದ್ರು. 80 ಮತ್ತ 80 ಎಷ್ಟು? ಮೂರನೇತ್ತಾ ಹುಡುಗ್ರೂ ಹೇಳ್ತಾರ. ಒಂದರ ಮ್ಯಾಲೆ ಒಂದು ಬೀಳೂದ. 20ಕ್ಕ ಇಳಿಸಿದ್ರ ಏಳು ಚಾನೆಲ್ ಕೂಡ್ತಾವ. ಹಾಳೀ ಮ್ಯಾಲಿನ ಸ್ಪೀಡ್ ಕಡಿಮಿ ಆಗ್ತದ, ಖರೆ. ಆದ್ರ ಕಟ್ ಆಗೋ ನೂರಕ್ಕಿಂತ ಕಟ್ ಆಗದ ಮೂವತ್ತು ನಮ್ಮ ತಂಗಿಗೆ ಸಾಕು.

"ನಾ ಮದಲ ಬಂದೇನಿ, ನಾ ಯಾಕ ಇಳಿಸಲಿ?" ಅಂದ ಮದಲನೇದಾಂವ. ಅವನ ಸಂಕಟ ನನಗ ತಿಳೀತದ. ಆದ್ರ 2018ರಾಗ ಸರಕಾರ ಈ ಚಾನೆಲ್‌ಗೆ ಲೈಸೆನ್ಸ್ ಬ್ಯಾಡ ಅಂತ ಬಿಟ್ಟುಕೊಟ್ಟದ, ಯಾರ ಸ್ವಂತದ್ದೂ ಅಲ್ಲ, ಹಂಚ್ಕೊಂಡು ಬಳಸ್ರಿ ಅಂತ. ಮದಲ ಬಂದವರಿಗೆ ಹಕ್ಕಿಲ್ಲ. ಅದಕ್ಕ ನಾ ಹೇಳೂದು, ಬಾಡಿಗಿ ತಗೊಳ್ಳೋರ ಇದನ್ನ ನೋಡ್ಬೇಕು. ನಮ್ಮ ಮನಿಯವ್ರು "ಹೆಣ್ಣಮಕ್ಕಳಿಗೆ ಈ ಉಸಾಬರಿ ಯಾಕ" ಅಂದ್ರು. ರೊಕ್ಕಾ ಎಣಸೋಮುಂದ ನಮ್ಮ ಕಂಬ, ಜಗಳದಾಗ ಅವರ ಕಂಬ ಆಗ್ತದೇನ್ರಿ?

ಇಬ್ಬರನ್ನೂ ಅಡಗಿಮನಿ ಕಟ್ಟೀಗೇ ಕರದು ಒಂದು ಹಾಳಿ ಬರಸಿದೆ: ಯಾವ ಡಬ್ಬಿ, ಯಾವ ದಿಕ್ಕು, ಯಾವ ಚಾನೆಲ್, ಎಷ್ಟು ಅಗಲ. ಬದಲ ಮಾಡೂದಿದ್ರ ಎರಡು ದಿನ ಮದಲ ಹೇಳ್ಬೇಕು. ಕರಾರು ಪತ್ರಕ್ಕ ಅದನ್ನೂ ಹಚ್ಚಿದ್ವಿ. ಒಬ್ಬಂದು ಡಬ್ಬಿ ಎರಡು ಮೊಳ ಕೆಳಗ ಇಳಿಸಿದ್ರು.

ಮನಿ ವೈಫೈ ಬಗ್ಗೆನೂ ಒಂದು ಮಾತು. ಹಳೇ 2.4ರಾಗ 1, 6, 11 ಇವು ಮೂರ ಒಂದಕ್ಕೊಂದು ತಾಗದ ಚಾನೆಲ್. ಓಣಿಯವ್ರೆಲ್ಲಾ ಇವುಗಳಾಗ ಇದ್ರ ರೌಟರ್ ಪಾಳಿ ಹಚ್ಚಿ ಮಾತಾಡ್ತಾವ. ಜಾಣತನಾ ಮಾಡಿ ನಡುವ 3 ಇಟ್ರ ಎರಡೂ ಕಡೆ ಕೆಡಸ್ತದ. ಓವನ್ ಹಚ್ಚಿದಾಗ ನೆಟ್ ತೊದಲೂದೂ ಇದ 2.4ರಾಗ, ರೌಟರ್ ಅಡಗಿಮನ್ಯಾಗ ಇಡಬ್ಯಾಡ್ರಿ.

ತಂಗಿ ಮಗಳು ಬ್ಯಾರೆ ಕಡೆ ಅರ್ಜಿ ಹಾಕ್ಯಾಳ. ಹೋದ ವಾರ ಒಂದು ತಾಸು ಇಂಟರ್‌ವ್ಯೂ ನಡೀತು, ಒಮ್ಮೇನೂ ಕಟ್ ಆಗಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ.

ಮೊನ್ನೆ ಮೂರನೇದಾಂವ ಒಬ್ಬಾಂವ "ಕಂಬದಾಗ ಜಾಗಾ ಅದ ಏನ್ರಿ ಅಕ್ಕಾರ" ಅಂತ ಬಂದಿದ್ದ. ಚಹಾ ಕೊಟ್ಟು ಹಾಳಿ ತೋರ್ಸಿದೆ. ವಿಚಾರ ಮಾಡಿ ಬರ್ತೀನಿ ಅಂತ ಹೋದ.