ಹೊರನಾಡ ಕೂಲಿಯೂ ನಮ್ಮವರ ಅನ್ನವೂ

ನಾಡಿನ ಕಾರ್ಖಾನೆಗಳಲ್ಲಿ ನಾಡಿನವರಿಗೆ ಕೆಲಸವಿಲ್ಲವೆಂಬ ಕೂಗು ನ್ಯಾಯವಾದುದೇ. ದಾವಣಗೆರೆಯ ಹತ್ತಿಯ ಗಿರಣಿಗಳೂ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಮುಚ್ಚಿದುದನ್ನು ಕಂಡ ನಮ್ಮ ಸೀಮೆಯವರಿಗೆ ಅದರ ನೋವನ್ನು ವಿವರಿಸಬೇಕಾದುದಿಲ್ಲ. ಆದರೆ ಆ ಕೂಗು ಯಾರ ಮೇಲೆ ತಿರುಗಬೇಕೆಂಬುದನ್ನು ಶಾಂತಚಿತ್ತದಿಂದ ವಿಚಾರಮಾಡುವುದು ಅಗತ್ಯ.

2024ನೆಯ ಜುಲೈ ತಿಂಗಳಲ್ಲಿ ರಾಜ್ಯದ ಮಂತ್ರಿಮಂಡಲವು ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50ನ್ನೂ ಇತರ ಕೆಲಸಗಳಲ್ಲಿ ನೂರಕ್ಕೆ 70ನ್ನೂ ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆಯಿತ್ತು, ಉದ್ಯಮಪತಿಗಳು ಹುಯಿಲೆಬ್ಬಿಸಲು ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಅದರಲ್ಲಿ ತಲೆಗಳ ಲೆಕ್ಕವಿದ್ದಿತೇ ಹೊರತು ಕೂಲಿಯ ಲೆಕ್ಕವಿರಲಿಲ್ಲ. ಹೊರಗಿನವನು ಅಗ್ಗಕ್ಕೆ ದೊರೆಯುವವರೆಗೆ ಕಂಟ್ರಾಕ್ಟರನು ನಮ್ಮವನನ್ನೇಕೆ ಕರೆದಾನು?

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. 2009ನೆಯ ಜನವರಿಯಲ್ಲಿ ಇಂಗ್ಲೆಂಡಿನ ಲಿಂಡ್ಸೆ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಇಟಲಿಯ ಕಂಟ್ರಾಕ್ಟು ಕಂಪೆನಿಯೊಂದು ಸ್ವಂತ ಇಟಾಲಿಯನ್ ಮತ್ತು ಪೋರ್ಚುಗೀಸ್ ಕಾರ್ಮಿಕರನ್ನು ತಂದಿತೆಂದು ಮುಷ್ಕರ ಹೂಡಲ್ಪಟ್ಟಿತು. ಪರದೇಶಿಗಳಿಗೆ ರಾಷ್ಟ್ರೀಯ ಒಪ್ಪಂದಕ್ಕಿಂತ ಕಡಿಮೆ ಕೂಲಿಯೆಂಬ ಸಂಶಯವೂ ಇದ್ದಿತು. ಮೊದಲು ಹಿಡಿದ ಫಲಕಗಳಲ್ಲಿ ‘ಬ್ರಿಟನ್ನಿನ ಕೆಲಸ ಬ್ರಿಟನ್ನಿನವರಿಗೆ’ ಎಂದಿದ್ದರೂ, ಎಲ್ಲರೂ ಅದೇ ಒಪ್ಪಂದಕ್ಕೊಳಪಡಬೇಕೆಂಬುದು ಮುಷ್ಕರಗಾರರ ಬೇಡಿಕೆಗಳಲ್ಲೊಂದಾಯಿತು. ಕೊನೆಗೆ ಇಟಲಿಯವರನ್ನು ಹೊರಹಾಕದೆಯೇ 102 ಕೆಲಸಗಳು ಸ್ಥಳೀಯರಿಗೆ ದೊರೆತುವು.

ನಮ್ಮಲ್ಲಿ ಕಾನೂನಿನ ಕೊರತೆಯಿರಲಿಲ್ಲ. ಒಂದೇ ಬಗೆಯ ಕೆಲಸಕ್ಕೆ ಹೊರರಾಜ್ಯದವನಿಗೂ ಸ್ಥಳೀಯನಿಗೂ ಒಂದೇ ಕೂಲಿಯೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಶಾಸನವು ವಿಧಿಸಿದ್ದಿತು; ಐವರಿದ್ದಲ್ಲಿಯೂ ಅದು ಅನ್ವಯಿಸುತ್ತಿದ್ದಿತು. ಅದರ ಸ್ಥಾನಕ್ಕೆ ಬಂದ 2020ರ ಸಂಹಿತೆಯಲ್ಲಿ ಆ ಐದು ಹತ್ತಾಗಿದೆ. ರಕ್ಷಣೆಯ ಬೇಲಿ ಹಿಂದೆ ಸರಿದಷ್ಟೂ ಅಗ್ಗದ ಕೂಲಿಯ ಸಂತೆ ಬೆಳೆಯುವುದು.

2020ನೆಯ ಮೇ ತಿಂಗಳನ್ನು ವಾಚಕರು ಮರೆತಿರಲಾರರು. ಕಟ್ಟಡ ಉದ್ಯಮಿಗಳೊಡನೆ ಸಮಾಲೋಚನೆ ನಡೆದ ಬೆನ್ನಿಗೇ ಸರ್ಕಾರವು ಊರಿಗೆ ಹೊರಟ ಕೂಲಿಗಾರರ ರೈಲುಗಳನ್ನು ನಿಲ್ಲಿಸಿ, ಎಲ್ಲೆಡೆ ಖಂಡನೆಯಾದ ಮೇಲೆ ಮತ್ತೆ ಬಿಡಿಸಿತು. ಬಿಟ್ಟುಹೋಗಲಾರದವನು ಹೆಚ್ಚು ಕೂಲಿ ಕೇಳಲಾರನು. ಕೇಳಲಾರದವನಿಂದ ನಮ್ಮವನ ಕೂಲಿಯೂ ಇಳಿಯುವುದು.

ಆದುದರಿಂದ ಅಧಿಕಾರಿಗಳು ಕಂಟ್ರಾಕ್ಟರನ ಹಾಜರಿಪಟ್ಟಿಯನ್ನೂ ಸಂಬಳದ ಪುಸ್ತಕವನ್ನೂ ಸ್ಥಳಕ್ಕೆ ಹೋಗಿ ತನಿಖೆಮಾಡತಕ್ಕದ್ದು. ಕೂಲಿ ತಪ್ಪಿದರೆ ಮೂಲ ಮಾಲೀಕನೇ ಹೊಣೆಯಾಗತಕ್ಕದ್ದು. ಕಾರ್ಮಿಕಸಂಘಗಳು ಬಿಹಾರದವನನ್ನೂ ಒಡಿಶಾದವನನ್ನೂ ತಮ್ಮ ಸದಸ್ಯರನ್ನಾಗಿ ಮಾಡಿಕೊಂಡು, ಕೂಲಿಯ ಒಪ್ಪಂದದಲ್ಲಿ ಅವರನ್ನೂ ಸೇರಿಸತಕ್ಕದ್ದು. ಹೀಗಾದಲ್ಲಿ ದೂರದಿಂದ ಜನರನ್ನು ತರುವ ಲಾಭವೇ ಅಳಿದು, ಬಾಗಿಲಲ್ಲಿರುವ ಕನ್ನಡಿಗನಿಗೆ ಕೆಲಸ ತಾನಾಗಿ ದೊರೆಯುವುದು.

ಮಾಯಕೊಂಡದಲ್ಲಿ ರೈಲು ಹತ್ತಿ ಗೋವೆಗೋ ಮುಂಬಯಿಗೋ ದುಡಿಯಹೋದ ನಮ್ಮವನೂ ಅಲ್ಲಿ ಹೊರನಾಡಿಗನೇ. ಇಲ್ಲಿ ನಾವು ಇತರರಿಗೆ ಸಲ್ಲಿಸಿದ ನ್ಯಾಯವನ್ನಷ್ಟೇ ಅಲ್ಲಿ ಅವನಿಗಾಗಿ ತಲೆಯೆತ್ತಿ ಕೇಳಬಲ್ಲೆವು.